ನಾಲ್ಕು ಅಡಿ ಓಣಿಯ ಕಂದಾಯ

ನಮ್ಮ ಮನೆಯ ಕಂದಾಯ ಏರಿಸಿದ ಮನೆಯನ್ನು ಕಟ್ಟಿದವನು ನಾನೇ. ಒಬ್ಬನೇ ಅಲ್ಲ, ಗಾರೆ ಕೆಲಸದವರು ಏಳೆಂಟು ಜನ ಇದ್ದೆವು. ಆದರೆ ಪಾಯ ತೋಡಿದ ದಿನದಿಂದ ತಾರಸಿಯ ಮೇಲಿನ ನೀರಿನ ಟ್ಯಾಂಕಿಗೆ ಪ್ಲಾಸ್ಟರ್ ಮಾಡುವ ದಿನದವರೆಗೆ ಒಂದು ದಿನವೂ ತಪ್ಪಿಸದೆ ಹೋದವನು ನಾನು. ತಪ್ಪಿಸಲು ಕಾರಣವೂ ಇರಲಿಲ್ಲ. ಕೆಲಸದ ಜಾಗ ನಮ್ಮ ಮನೆಯ ಪಕ್ಕದಲ್ಲೇ ಇತ್ತು. ಮಧ್ಯಾಹ್ನ ಮನೆಗೆ ಬಂದು ಬಿಸಿ ಮುದ್ದೆ ಉಂಡು ಹೋಗುತ್ತಿದ್ದೆ. ದೇವರು ಕೊನೆಗೂ ಕಣ್ಣು ಬಿಟ್ಟ ಎಂದು ಅವ್ವ ಖುಷಿಪಟ್ಟಿದ್ದಳು.

ಅಪ್ಪನಿಗೆ ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇತ್ತು. ಪಂಚರ್ ಹಾಕುವುದು, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುವುದು. ನಾನು ಚಿಕ್ಕವನಿದ್ದಾಗ ಊರಾಚೆ, ಜಾಲಿಮುಳ್ಳು ಬೆಳೆದಿದ್ದ ಕಡೆ, ಇಪ್ಪತ್ತು ಅಡಿ ಅಗಲದ ಒಂದು ತುಂಡು ಜಾಗ ತಗೊಂಡು ಎರಡು ಅಂಕಣದ ಹೆಂಚಿನ ಮನೆ ಕಟ್ಟಿದ. ಅಲ್ಲಿ ಹೋಗಿ ಯಾರು ಇರುತ್ತಾರೆ ಎಂದು ನೆಂಟರು ನಕ್ಕರು. ಅಪ್ಪನಿಗೂ ಬೇರೆ ಆಸೆ ಏನೂ ಇರಲಿಲ್ಲ, ಕೈಯಲ್ಲಿದ್ದ ದುಡ್ಡಿಗೆ ಸಿಕ್ಕಿದ ಜಾಗ ಅದೊಂದೇ.

ಮನೆಯ ಹಿಂದೆ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಅವ್ವನ ಹಸು. ಅವ್ವನ ತವರು ಹಳೇಬೀಡಿನ ಹತ್ತಿರದ ಮಾದಿಹಳ್ಳಿ. ಹಸು ಅಲ್ಲಿಂದ ಟೆಂಪೋದಲ್ಲಿ ಬಂದದ್ದು. ಅದು ಬೀದಿಗೆ ಬರಲು ಇದ್ದದ್ದು ಒಂದೇ ದಾರಿ, ಮನೆಯ ಪಡುವಣ ಗೋಡೆಯ ಪಕ್ಕದ ನಾಲ್ಕು ಅಡಿ ಓಣಿ. ಮೂಡಣಕ್ಕೆ ಇನ್ನೊಬ್ಬರ ಗೋಡೆ, ಹಿಂದೆ ಇನ್ನೊಬ್ಬರ ತೋಟದ ಬೇಲಿ. ಸೈಕಲ್ ಬಾಡಿಗೆಗೆ ಕೇಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಹಾಲಿನಿಂದ. ಓಣಿ ಇದ್ದರೆ ಹಸು, ಹಸು ಇದ್ದರೆ ನಾವು.

ಜಾಗಕ್ಕೆ ರಿಜಿಸ್ಟರ್ ಆದ ಪತ್ರ ಇರಲಿಲ್ಲ. ಛಾಪಾ ಕಾಗದದ ಮೇಲೆ ಕೈಯಲ್ಲಿ ಬರೆದದ್ದು ಒಂದಿತ್ತು. ಅದರಲ್ಲಿ ನಾಲ್ಕು ದಿಕ್ಕಿನ ಗುರುತು ಬರೆದು, ‘ಪಶ್ಚಿಮಕ್ಕೆ ಓಣಿ’ ಎಂದು ನಿಲ್ಲಿಸಿದ್ದರು. ಓಣಿ ಯಾರದು ಎಂದು ಬರೆದಿರಲಿಲ್ಲ. ಬರೆದುಕೊಟ್ಟವನು ಸತ್ತುಹೋಗಿದ್ದ. ಅಪ್ಪನಿಗೆ ಅದರ ಚಿಂತೆ ಇರಲಿಲ್ಲ, ಏಕೆಂದರೆ ಅವನ ಹತ್ತಿರ ಪುರಸಭೆಯ ಕಂದಾಯದ ರಸೀತಿಗಳಿದ್ದವು.

“ಪತ್ರ ಯಾವನ್ ಬೇಕಾದ್ರೂ ಬರುಸ್ತಾನೆ ಕಣೋ. ಕಂದಾಯ ಯಾವನ್ ಕಟ್ತಾನೆ ಅಂತ ನೋಡ್ತಾರೆ ಕೋರ್ಟಲ್ಲಿ” ಎನ್ನುತ್ತಿದ್ದ. ಕೋರ್ಟಿನ ಬಾಗಿಲು ಅವನು ಕಂಡವನಲ್ಲ. ಆದರೆ ಈ ನಂಬಿಕೆ ಅವನೊಬ್ಬನದೇ ಅಲ್ಲ, ನಮ್ಮ ಕಡೆ ಮುಕ್ಕಾಲು ಜನ ಹೀಗೇ. ಆಯುಧಪೂಜೆಯ ದಿನ ಸ್ಪ್ಯಾನರ್, ಸುತ್ತಿಗೆ, ಗಾಳಿ ಹೊಡೆಯುವ ಪಂಪು ಸಾಲಾಗಿ ಇಟ್ಟು, ಕೊನೆಯಲ್ಲಿ ರಸೀತಿಗಳ ಕಟ್ಟನ್ನೂ ಇಡುತ್ತಿದ್ದ. ಎಲ್ಲಕ್ಕೂ ಕುಂಕುಮ. ಅತಿ ಹಳೆಯ ರಸೀತಿಯಲ್ಲಿ ಅಕ್ಷರಕ್ಕಿಂತ ಕುಂಕುಮವೇ ಜಾಸ್ತಿ ಇತ್ತು.

ಆಮೇಲೆ ನಮ್ಮ ಬೀದಿಗೆ ಟಾರು ಬಂತು. ಟಾರಿನ ಹಿಂದೆಯೇ ದುಡ್ಡಿದ್ದವರು ಬಂದರು. ನಮ್ಮ ಓಣಿಯ ಆಚೆಯ ಜಾಗ ತಗೊಂಡವರು ಒಬ್ಬ ಕೊಬ್ಬರಿ ವ್ಯಾಪಾರಿ. ಕಣಕಟ್ಟೆ ಕಡೆ ತೆಂಗಿನ ತೋಟ, ಅರಸೀಕೆರೆಯಲ್ಲಿ ಮಂಡಿ. ನಾವು ಅವರನ್ನು ಸಾವ್ಕಾರ್ರು ಎಂದು ಕರೆಯುತ್ತಿದ್ದೆವು. ಕೆಟ್ಟವರಲ್ಲ. ಕೂಲಿ ಶನಿವಾರ ಸಂಜೆಗೆ ಸರಿಯಾಗಿ ಕೊಡುತ್ತಿದ್ದರು.

ಮನೆ ಕಟ್ಟುವಾಗ ಮರಳು, ಇಟ್ಟಿಗೆ ಎಲ್ಲ ಓಣಿಯಲ್ಲೇ ಸಾಗಬೇಕಿತ್ತು. ಅಲ್ಲಿ ಒಂದು ಉದ್ದನೆಯ ಕಲ್ಲು ನೆಟ್ಟಿದ್ದರು. ತಳ್ಳುಗಾಡಿಗೆ ಅಡ್ಡ ಬರುತ್ತದೆ, ಕಿತ್ತುಹಾಕು ಎಂದು ಮೇಸ್ತ್ರಿ ಹೇಳಿದ. ಕಿತ್ತೆ. ಕಲ್ಲು ನೆಟ್ಟಿದ್ದದ್ದು ನಮ್ಮ ಗೋಡೆಯಿಂದ ಒಂದು ಗೇಣು ದೂರದಲ್ಲಿ. ತಲೆಗೆ ಸುಣ್ಣ ಬಳಿದಿದ್ದ ಗುರುತಿತ್ತು. ಗಡಿಕಲ್ಲು ಹೇಗಿರುತ್ತದೆ ಎಂದು ಗಾರೆ ಕೆಲಸದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವ್ವ ಅದನ್ನು ನೋಡಿದಳು. ಹಸು ಕಟ್ಟುವ ಗೂಟ ಮುರಿದು ತಿಂಗಳಾಗಿತ್ತು. ಕೆಲಸ ನೋಡಲು ಬಂದಿದ್ದ ಸಾವ್ಕಾರ್ರ ಹೆಂಡತಿಯನ್ನು ಕೇಳಿದಳು.

“ಅಮ್ಮಾವ್ರೇ, ಈ ಕಲ್ಲು ನಿಮಗ್ ಬೇಕಾ?”

“ಅಯ್ಯೋ, ಕಲ್ಲಿಟ್ಕೊಂಡ್ ನಾವೇನ್ ಮಾಡಾಣ? ತಗೊಂಡ್ಹೋಗಮ್ಮ.”

ನಾನೇ ಹೊತ್ತುಕೊಂಡು ಹೋಗಿ ಕೊಟ್ಟಿಗೆಯಲ್ಲಿ ನೆಟ್ಟೆ. ಹಸು ಅದಕ್ಕೆ ಕುತ್ತಿಗೆ ಉಜ್ಜಿಕೊಂಡು ಒಪ್ಪಿಗೆ ಕೊಟ್ಟಿತು.

ಸಾವ್ಕಾರ್ರಿಗೆ ಮುಂಬಾಗಿಲಲ್ಲಿ ಬೇಲೂರು ಗುಡಿಯಲ್ಲಿರುವಂಥ ಕಂಬ ಬೇಕಿತ್ತು. ಕಲ್ಲಿನಲ್ಲಿ ಮಾಡಿಸುವಷ್ಟು ಹುಚ್ಚು ಇರಲಿಲ್ಲ. ಅಚ್ಚಿಗೆ ಸಿಮೆಂಟು ಸುರಿದು ನಾಲ್ಕು ಕಂಬ ತೆಗೆದೆವು. ಒಂದು ಕಂಬದ ಗಂಟೆ ಸಾಲು ತಲೆಕೆಳಗಾಗಿ ಕೂತಿದೆ, ಈಗಲೂ ಹಾಗೇ ಇದೆ. ಮಹಡಿಯ ಮೇಲೆ ಮೂರು ರೂಮು, ಮೂರಕ್ಕೂ ಬಾತ್‌ರೂಮು. ಮೂರಕ್ಕೂ ಟೈಲ್ಸ್ ಹಾಕುವಾಗ ಸಿಮೆಂಟು ಕಲಸಿಕೊಟ್ಟವನು ನಾನು. ಇದನ್ನು ನೆನಪಿಟ್ಟುಕೊಳ್ಳಿ.

ಗೃಹಪ್ರವೇಶಕ್ಕೆ ವಾರ ಇರುವಾಗ ಸಾವ್ಕಾರ್ರ ಹೆಂಡತಿ ನಮ್ಮ ಮನೆಗೆ ಬಂದರು. ಅವರು ನಮ್ಮ ಹೊಸಿಲು ತುಳಿದದ್ದು ಅದೇ ಮೊದಲು.

“ತಪ್ ತಿಳ್ಕೋಬೇಡಮ್ಮ. ಮಠದ ಸ್ವಾಮಿಗಳು ಬತ್ತಾರೆ ಪಾದಪೂಜೆಗೆ. ಕಾರಿಂದ ಇಳಿದ್ ತಕ್ಷಣ ಕಾಣ್ಸೋದೇ ನಿಮ್ ಗೋಡೆ. ನಮ್ದು ಬಣ್ಣ ಮಿಕ್ಕೈತೆ, ಹೊಡಿಸ್ಕೊಡ್ತೀವಿ.”

ಅವ್ವ ಚಾಪೆ ಹಾಸುತ್ತಿದ್ದವಳು ಎದ್ದು ನಿಂತಳು. “ನಾಲ್ಕೂ ಗೋಡೆಗಾ ಅಮ್ಮಾವ್ರೇ?”

“ಇಲ್ಲಮ್ಮ, ನಮ್ ಕಡೆಗ್ ಕಾಣೋದಕ್ಕೆ.”

ಬಣ್ಣ ಹೊಡೆದವನೂ ನಾನೇ, ಅರ್ಧ ದಿನದ ಕೂಲಿಗೆ. ಅಂದಿನಿಂದ ನಮ್ಮ ಮನೆಗೆ ಪಡುವಣ ಗೋಡೆ ಗುಲಾಬಿ ಬಣ್ಣ, ಮಿಕ್ಕ ಮೂರು ಮಣ್ಣಿನ ಬಣ್ಣ. ಸ್ವಾಮಿಗಳು ಬಂದರು. ಕಾರಿನಿಂದ ಇನ್ನೊಂದು ಕಡೆಗೆ ಇಳಿದರು.

ಆಮೇಲೆ ನೆಂಟರೂ ನಗುವುದು ನಿಲ್ಲಿಸಿದರು. ಮನೆಗೆ ಬಂದವರೆಲ್ಲ ಜಗಲಿಯಲ್ಲಿ ಕೂತು ಬೀದಿ ನೋಡಿ, “ಲಕ್ಷಗಟ್ಲೆ ಬಾಳ್ತೈತೆ ಕಣಪ್ಪ ನಿನ್ ಜಾಗ” ಎಂದು ಅಪ್ಪನಿಗೆ ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ನಾವು ಮೊದಲು ತಿನ್ನುತ್ತಿದ್ದದ್ದನ್ನೇ ತಿನ್ನುತ್ತಿದ್ದೆವು. ಜಾಗ ಬಾಳುವುದು ಮಾರಿದರೆ. ಮಾರಿದರೆ ಅದೇ ದುಡ್ಡಿಗೆ ಇನ್ನೊಂದು ಜಾಲಿಮುಳ್ಳಿನ ಪೊದೆ ಹುಡುಕಿಕೊಂಡು ಹೋಗಬೇಕು. ಅಷ್ಟು ಹೊತ್ತಿಗೆ ಊರಿನ ಸುತ್ತ ಜಾಲಿಮುಳ್ಳಿಗೂ ಸೈಟಿನ ರೇಟು ಬಂದಿತ್ತು.

ಒಂದೆರಡು ವರ್ಷದಲ್ಲಿ ಕಂದಾಯದ ಹೊಸ ಪದ್ಧತಿ ಬಂತು. ಇನ್ನು ಮೇಲೆ ಅವರು ಬಂದು ಅಳೆಯುವುದಿಲ್ಲ, ನಮ್ಮ ಮನೆ ಎಷ್ಟು ಅಡಿ, ಎಂಥ ಕಟ್ಟಡ ಎಂದು ನಾವೇ ಫಾರಂನಲ್ಲಿ ಬರೆದು ಸಹಿ ಹಾಕಿ ಕಟ್ಟಬೇಕು. ಬೀದಿಯ ಜಾಗಕ್ಕೆ ಏನು ಬೆಲೆ ಎಂದು ಒಂದು ಪಟ್ಟಿ ಇತ್ತು. ಕಂದಾಯ ಆ ಬೆಲೆಯ ಮೇಲೆ. ನಮ್ಮ ಬೀದಿಯ ಬೆಲೆ ಊರಿನ ಮುಕ್ಕಾಲು ಭಾಗಕ್ಕಿಂತ ಮೇಲಿತ್ತು, ಬೇಲೂರು ಕಂಬದ ಮನೆಗಳಿದ್ದವಲ್ಲ. ಪಟ್ಟಿಯಲ್ಲಿ ಹೆಂಚಿನ ಮನೆಯವರಿಗೆ ಬೇರೆ ಬೀದಿ ಇರಲಿಲ್ಲ.

ಅಪ್ಪ ನನ್ನನ್ನು ಪುರಸಭೆ ಕಚೇರಿಗೆ ಕರೆದುಕೊಂಡು ಹೋದ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೆ ಅಡಿ ಇಂಚು ನನಗೆ ಬಾಯಿಪಾಠ. ವರಾಂಡದ ಬೆಂಚಿನಲ್ಲಿ ಸಾವ್ಕಾರ್ರು ಮೊದಲೇ ಕೂತಿದ್ದರು, ತೊಡೆಯ ಮೇಲೆ ಫಾರಂ ಇಟ್ಟುಕೊಂಡು. ಸರಿದು ಜಾಗ ಕೊಟ್ಟರು.

“ಏನ್ಲಾ, ನಿಮ್ಮಪ್ಪಂಗೆ ನೀನೇ ಲಾಯರ್ರಾ?”

“ಅವಂದ್ ಅಕ್ಷರ ಚೆನ್ನಾಗೈತೆ ಸಾವ್ಕಾರ್ರೇ” ಎಂದ ಅಪ್ಪ. ಸುಳ್ಳು.

ಸಾವ್ಕಾರ್ರು ದನಿ ತಗ್ಗಿಸಿದರು. “ನೋಡಪ್ಪ, ಇದ್ರಲ್ಲಿ ನಾವ್ ಬರ್ದಿದ್ದೇ ಸತ್ಯ. ಬುದ್ಧಿ ಉಪಯೋಗ್ಸಿ ಬರೀರಿ. ನಂದು ಅಗಲ ನಲವತ್ತಡಿ ಅಂತ ಇಟ್ಕೋ. ಕಾಂಪೌಂಡಿಂದ ಆಚೆ ನಾಲ್ಕಡಿ ಬರೀ ಮಣ್ಣು ಬಿದ್ದೈತೆ. ಮಣ್ಣಿಗ್ಯಾಕೆ ದುಡ್ ಕಟ್ಲಿ? ಮೂವತ್ತಾರು ಅಂತ ಬರ್ದೆ.”

“ಮೇಲಿನ್ ಮಾಳಿಗೆ?” ನಾನು ಕೇಳಿದೆ.

“ಅದು ಕೊಬ್ಬರಿ ಅಟ್ಟ.”

ನಮ್ಮ ಕಡೆ ಕಾಯಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಹಾಕಿಡುತ್ತಾರೆ, ನೀರು ಇಂಗಿ ಕೊಬ್ಬರಿಯಾಗುವವರೆಗೆ. ಹಲಗೆ ಹೊಡೆದ ಕತ್ತಲೆ ಜಾಗ. ಟೈಲ್ಸ್ ಹಾಕಿದ ಮೂರು ಬಾತ್‌ರೂಮಿರುವ ಅಟ್ಟ ನಾನು ನೋಡಿದ್ದು ಅದೊಂದೇ. ಕೊಬ್ಬರಿ ಸ್ನಾನ ಮಾಡುತ್ತದೆಯೇ ಎಂದು ಕೇಳಬೇಕೆನಿಸಿತು. ಮುಂದಿನ ಕೆಲಸಕ್ಕೆ ಕರೆಯುವುದಿಲ್ಲ ಎಂದು ಸುಮ್ಮನಾದೆ.

ಅಪ್ಪನ ಕಿವಿಯಲ್ಲಿ ಮಾತ್ರ ಬೇರೆ ಮಾತು ನಿಂತಿತ್ತು. ಕಾಂಪೌಂಡಿಂದ ಆಚೆ ನಾಲ್ಕಡಿ. ಅದು ನಮ್ಮ ಓಣಿ. ಇಷ್ಟು ವರ್ಷ ಯಾರದೂ ಅಲ್ಲದ ಓಣಿಯನ್ನು ಸಾವ್ಕಾರ್ರು ಮಾತಿನ ಮಧ್ಯೆ ತಮ್ಮದು ಎಂದುಬಿಟ್ಟಿದ್ದರು. ಅಪ್ಪ ಫಾರಂನ ಅಗಲದ ಸಾಲಿನ ಮೇಲೆ ಬೆರಳಿಟ್ಟ.

“ಇಪ್ಪತ್ನಾಲ್ಕು ಬರಿ” ಎಂದ.

“ನಮ್ದು ಇಪ್ಪತ್ತು ಕಣಪ್ಪ.”

“ಬರೀಲಾ ಅಂದ್ರೆ. ಎಷ್ಟ್ ಅಡಿಗೆ ಕಂದಾಯ ಕಟ್ತೀವೋ ಅಷ್ಟ್ ಅಡಿ ನಮ್ದು.”

ಬರೆದೆ. ಮುಂದಿನ ಸಾಲು ಚಾವಣಿಯದು. ಅಪ್ಪನಿಗೆ ಹುರುಪು ಬಂದಿತ್ತು. “ಮೋಲ್ಡು ಅಂತ ಬರುದ್ರೆ ಇನ್ನೂ ಗಟ್ಟಿ ಆಯ್ತದೇನೋ?”

“ಹೆಂಚು ಬೀದಿಗೇ ಕಾಣ್ತದೆ ಅಪ್ಪ.”

ಸಾವ್ಕಾರ್ರು ಬಗ್ಗಿ ನಮ್ಮ ಫಾರಂ ನೋಡಿ ಜೋರಾಗಿ ನಕ್ಕರು. “ಇಲ್ದಿರೋದನ್ನೂ ಸೇರಿಸ್ಕೊಂಡು ಕಂದಾಯ ಕಟ್ಟೋನ್ನ ನಿನ್ನೊಬ್ಬನ್ನೇ ಕಣಪ್ಪ ನಾನ್ ನೋಡಿದ್ದು. ನಿಂಗೆ ಸನ್ಮಾನ ಮಾಡ್ಬೇಕು.” ಆ ನಾಲ್ಕು ಅಡಿ ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ. ನಮಗೆ ಲೆಕ್ಕ ಬರುವುದಿಲ್ಲ ಎಂದುಕೊಂಡರು. ಅಷ್ಟರಲ್ಲಿ ಕಿಟಕಿಯಲ್ಲಿ ಅವರನ್ನು ಕರೆದರು.

ಮೊದಲು ಕಟ್ಟುತ್ತಿದ್ದದ್ದಕ್ಕಿಂತ ಆರು ಪಟ್ಟು ಬಂತು. ಹಸು ಒಂದು ತಿಂಗಳು ಕರೆದದ್ದು ಅಲ್ಲಿಗೆ ಹೋಯಿತು. ಅವ್ವ ಎರಡು ದಿನ ಅಪ್ಪನನ್ನು ಮಾತಾಡಿಸಲಿಲ್ಲ. ಇದ್ದದ್ದಕ್ಕಿಂತ ದೊಡ್ಡದು ಎಂದು ಬರೆಸಿಕೊಂಡ ಮನೆ ನಮ್ಮದು. ಅವರದು ಕಾಗದದಲ್ಲಿ ಒಂದೇ ಅಂತಸ್ತಿನ, ಮೇಲೆ ಅಟ್ಟವಿರುವ, ಸಾಧಾರಣ ಮನೆ. ಅಪ್ಪ ಮಾತ್ರ ಹೊಸ ರಸೀತಿಗೆ ಆಯುಧಪೂಜೆಯವರೆಗೂ ಕಾಯದೆ ಅಂದೇ ಕುಂಕುಮ ಇಟ್ಟ.

ಮಾರನೆಯ ವರ್ಷ ಬೇಸಿಗೆಯಲ್ಲಿ ಕರೆಂಟು ಬಹಳ ಹೋಗುತ್ತಿತ್ತು. ಸಾವ್ಕಾರ್ರು ಜನರೇಟರ್ ತರಿಸಿದರು. ಶಬ್ದ ಅಂತ ಅದನ್ನು ಮನೆಯೊಳಗೆ ಇಡಲು ಆಗಲಿಲ್ಲ, ಓಣಿಯಲ್ಲಿಟ್ಟರು. ಒಂದು ಬೆಳಿಗ್ಗೆ ವೆಲ್ಡಿಂಗಿನವರು ಬಂದು ಓಣಿಯ ಬಾಯಿಗೆ ಕಬ್ಬಿಣದ ಗೇಟು ನಿಲ್ಲಿಸಿದರು. ಬೀಗ ಹಾಕಿದರು. ಹಸು ಒಳಗೆ ಉಳಿಯಿತು.

ಅವ್ವ ಹಾಲಿನ ಕ್ಯಾನು ಕೈಯಲ್ಲಿಟ್ಟುಕೊಂಡೇ ಹೋದಳು. “ಅಮ್ಮಾವ್ರೇ, ಹಸ ಎಂಗ್ ಆಚಿಗ್ ಬತ್ತದೆ?”

“ನಿಮ್ಮನೆ ಒಳಗಿಂದ ಹೊಡ್ಕೊಂಡ್ ಬಾಮ್ಮ. ಜನರೇಟರ್ ಯಾರಾದ್ರೂ ಎತ್ಕೊಂಡ್ಹೋದ್ರೆ? ಇವ್ರು ಕೇಳಲ್ಲ. ಹಾಲ್ ಮಾತ್ರ ಏಳ್ ಗಂಟೆಗ್ ತಪ್ಪಿಸ್ಬೇಡ, ಮಕ್ಳಿಗೆ ಪರೀಕ್ಷೆ.”

ಹಸುವನ್ನು ಹಿತ್ತಲ ಬಾಗಿಲಿನಿಂದ ಅಡುಗೆಮನೆ, ಅಲ್ಲಿಂದ ನಡುಮನೆ, ಅಲ್ಲಿಂದ ಜಗಲಿಗೆ ಹೊಡೆಯಬೇಕಾಯಿತು. ಅದು ಹೊಸಿಲು ಕಂಡರೆ ನಿಲ್ಲುತ್ತಿತ್ತು. ನಾನು ಮುಂದಿನಿಂದ ಎಳೆಯುವುದು, ಅವ್ವ ಹಿಂದಿನಿಂದ ತಳ್ಳುವುದು. ಮೂರನೇ ದಿನ ದೇವರ ಗೂಡಿನ ಎದುರಿಗೇ ಸಗಣಿ ಹಾಕಿತು. ಅಪ್ಪ ತಟ್ಟೆ ಎತ್ತಿಕೊಂಡು ಗೋಡೆಗೆ ಒರಗಿ ನಿಂತು ಉಂಡ. ಐದನೇ ದಿನ ನಡುಮನೆಯ ಗಾರೆ ನೆಲದ ಮೇಲೆ ಜಾರಿ ಮಂಡಿ ಊರಿತು. ಅವ್ವ ಅದರ ಕಾಲು ನೀವುತ್ತಾ ಕೂತಳು.

“ಕಾಲ್ ಮುರ್ಕೊಳೋಕ್ ಮುಂಚೆ ಗಂಡಸಿ ದನದ್ ಸಂತೆಗ್ ಹೊಡೀರಿ. ನನ್ ಕೈಲಾಗಲ್ಲ” ಎಂದಳು.

ಅಪ್ಪ ಟ್ರಂಕಿನಿಂದ ರಸೀತಿಯ ಕಟ್ಟು ತೆಗೆದು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಪುರಸಭೆಗೆ ಸೈಕಲ್ ಹತ್ತಿದ.

ಮಾರನೆಯ ದಿನ ಬಿಲ್ ಕಲೆಕ್ಟರ್ ಬಂದ. ವಯಸ್ಸಾದವನು, ಹಳೆಯ ಮೊಪೆಡ್ಡಿನ ಮೇಲೆ ದಪ್ಪ ರಿಜಿಸ್ಟರ್ ಕಟ್ಟಿಕೊಂಡು ಬಂದಿದ್ದ. ಗೇಟಿನ ಎದುರು ನಿಂತು ಅಪ್ಪನ ರಸೀತಿ ಕೈಗೆ ತಗೊಂಡ. ಉಗುರಿನಿಂದ ಕುಂಕುಮ ಕೆರೆದು ಓದಿದ. ಸಾವ್ಕಾರ್ರು ಮಂಡಿಗೆ ಹೊರಟವರು ನಿಂತರು.

“ಓಣಿ ನಮ್ದು ಕಣ್ರೀ. ಪತ್ರದಲ್ಲಿ ನಲವತ್ತಡಿ ಐತೆ.”

“ಇರ್ಬೋದು ಸಾವ್ಕಾರ್ರೇ. ನೀವು ಸಹಿ ಹಾಕಿರೋ ಫಾರಂನಲ್ಲಿ ಮೂವತ್ತಾರು ಐತೆ. ಇವರದು ಇಪ್ಪತ್ನಾಲ್ಕು ಐತೆ. ಎರಡೂ ಸೇರುದ್ರೆ ಅರವತ್ತು. ಬೀದಿಲ್ ನಿಂತು ಅಳುದ್ರೂ ಅರವತ್ತೇ ಐತೆ. ಲೆಕ್ಕ ಸರಿಯಾಗೈತಲ್ಲ.”

ಸಾವ್ಕಾರ್ರು ಅಪ್ಪನ ಕಡೆ ತಿರುಗಿದರು. ಬೆಂಚಿನ ಮೇಲೆ ನಕ್ಕದ್ದು ಅವರಿಗೆ ಆಗ ನೆನಪಾಯಿತು ಎಂದು ಮುಖದಲ್ಲೇ ಕಾಣುತ್ತಿತ್ತು.

“ಬರ್ಯೋವಾಗ ತಪ್ಪಾಗೈತೆ. ನಲವತ್ತು ಅಂತ ತಿದ್ಕೊಳ್ರೀ.”

“ನಾನ್ ತಿದ್ದೋಕಾಗಲ್ಲ. ಹೊಸ ಫಾರಂ ಕೊಡಿ. ತಪ್ಪು ಬರ್ದಿದ್ದೀವಿ ಅಂತ ನೀವೇ ಹೇಳುದ್ರೆ ನಾವು ಟೇಪ್ ತಂದು ಪೂರ್ತಿ ಅಳೀಬೇಕಾಯ್ತದೆ.”

“ಪೂರ್ತಿ ಯಾಕ್ರೀ? ಓಣಿ ಒಂದ್ ಅಳ್ಕೊಂಡ್ ಹೋಗಿ.”

“ಓಣಿ ಒಂದೇ ಅಳ್ಯೋಕೆ ಬರಲ್ಲ. ಕೆಳಗೆ, ಮೇಲೆ, ಎಲ್ಲಾ.” ಬಿಲ್ ಕಲೆಕ್ಟರ್ ತಲೆ ಎತ್ತಿ ಮಹಡಿ ನೋಡಿದ. ಎಲ್ಲರೂ ನೋಡಿದೆವು. ಕಿಟಕಿಗಳಿಗೆಲ್ಲ ಹೂವಿನ ಚಿತ್ರದ ಪರದೆ. “ಕೊಬ್ಬರಿಗೆ ಪರದೆ ಕಟ್ಟಿದ್ದೀರಾ?”

ಸಾವ್ಕಾರ್ರು ವ್ಯಾಪಾರಸ್ಥರು, ತಡವರಿಸಲಿಲ್ಲ. “ಬಿಸ್ಲು ಬಿದ್ರೆ ಎಣ್ಣೆ ಬಿಟ್ಕೊಂತದೆ ಕಣ್ರೀ.”

“ಅದೂ ಸರಿನೇ.”

ಬಿಲ್ ಕಲೆಕ್ಟರ್ ಗೇಟಿನ ಸರಳಿನ ನಡುವೆ ಓಣಿಯೊಳಗೆ ಇಣುಕಿದ. “ಗಡಿಕಲ್ಲು ಏನಾದ್ರೂ ಇತ್ತಾ ಇಲ್ಲಿ? ಇದ್ರೆ ಮಾತೇ ಬೇಡ, ಅದೇ ಹೇಳ್ತದೆ.”

“ಇತ್ತು. ಮನೆ ಕಟ್ಟೋವಾಗ ಎಲ್ಲೋಯ್ತೋ.” ಸಾವ್ಕಾರ್ರು ನನ್ನನ್ನು ನೋಡಿದರು. “ಏನ್ಲಾ, ನೀನೇ ಇದ್ಯಲ್ಲ ಕೆಲ್ಸುಕ್ಕೆ? ಕಲ್ಲಿತ್ತಲ್ಲ?”

ಓಣಿಯ ಕೊನೆಯಲ್ಲಿ ಹಸು ಆ ಕಲ್ಲಿಗೆ ಕುತ್ತಿಗೆ ಉಜ್ಜುತ್ತಿತ್ತು. ಗೇಟಿನ ಹತ್ತಿರ ನಿಂತವರಿಗೆ ಹಸು ಕಾಣುತ್ತಿತ್ತು. ಕಲ್ಲೂ ಕಾಣುತ್ತಿತ್ತು, ಸಗಣಿ ಮೆತ್ತಿದ್ದರಿಂದ ಸುಣ್ಣದ ಗುರುತು ಮಾತ್ರ ಕಾಣುತ್ತಿರಲಿಲ್ಲ. ಕಾಂಪೌಂಡಿನ ಒಳಗೆ ಸಾವ್ಕಾರ್ರ ಹೆಂಡತಿ ನಿಂತಿದ್ದರು. ತಗೊಂಡ್ಹೋಗಮ್ಮ ಎಂದವರು ಅವರೇ. ಅವರಿಗೆ ನೆನಪಿರಲಿಲ್ಲವೋ, ಇದ್ದೂ ಸುಮ್ಮನಿದ್ದರೋ ಗೊತ್ತಿಲ್ಲ. ಅವ್ವ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

“ಕಲ್ಲು ಸುಮಾರ್ ಕಿತ್ವಿ ಸಾವ್ಕಾರ್ರೇ. ಮೇಸ್ತ್ರಿ ಹೇಳ್ದಂಗೆ ಹಾಕುದ್ವಿ” ಎಂದೆ.

ಸುಳ್ಳಲ್ಲ. ನಿಜವೂ ಅಲ್ಲ. ನಾವು ಬರೆದದ್ದೇ ಸತ್ಯ ಎಂದು ಅವರೇ ಹೇಳಿಕೊಟ್ಟಿದ್ದರು, ನಾನು ಬಾಯಲ್ಲಿ ಬರೆದೆ.

ಬಿಲ್ ಕಲೆಕ್ಟರ್ ರಿಜಿಸ್ಟರ್ ಮುಚ್ಚಿದ. “ಹೊಸ ಫಾರಂ ಕೊಡ್ತೀರೋ ಹೆಂಗೆ?”

ಸಾವ್ಕಾರ್ರು ಇನ್ನೊಂದು ಸಲ ಮಹಡಿ ನೋಡಿದರು. ನಾಲ್ಕು ಅಡಿ ಮಣ್ಣು ಒಂದು ಕಡೆ, ಮೂರು ಬಾತ್‌ರೂಮು ಇನ್ನೊಂದು ಕಡೆ. ಜೇಬಿನಿಂದ ಬೀಗದ ಕೈ ತೆಗೆದು ಅಪ್ಪನ ಕೈಗೆ ಕೊಟ್ಟರು.

“ಅಕ್ಕಪಕ್ಕದಲ್ಲಿರೋರು. ಒಂದ್ ಹಸುಗೋಸ್ಕರ ಜಗಳ ಯಾಕೆ? ಇಟ್ಕೊಳಪ್ಪ.”

ಜನರೇಟರ್ ಅವರ ತಾರಸಿಗೆ ಹೋಯಿತು. ಹೊತ್ತು ಮೇಲೆ ಹಾಕಿದ ನಾಲ್ವರಲ್ಲಿ ನಾನೂ ಒಬ್ಬ. ಕೂಲಿ ಶನಿವಾರಕ್ಕೆ ಕಾಯಿಸದೆ ಅಂದೇ ಕೊಟ್ಟರು. ಸಂಜೆ ಅವ್ವ ಗೇಟು ತೆಗೆದು ಹಸುವನ್ನು ಓಣಿಯಲ್ಲಿ ಹೊಡೆದುಕೊಂಡು ಬಂದಳು. ಅದು ಗೇಟಿನ ಹತ್ತಿರ ಹೊಸಿಲಿದೆಯೇ ಎಂದು ನಿಂತು ನೋಡಿತು. ಇರಲಿಲ್ಲ. ಬೀದಿಗೆ ಬಂತು.

ಓಣಿ ಸಾವ್ಕಾರ್ರದೇ. ಕಲ್ಲು ಕಿತ್ತವನು ನಾನು, ನನಗೆ ಗೊತ್ತು. ಅಪ್ಪನಿಗೆ ನಾನು ಹೇಳಲಿಲ್ಲ. ಹೇಳಿದರೂ ಅವನು ಒಪ್ಪುತ್ತಿರಲಿಲ್ಲ, ರಸೀತಿ ತೋರಿಸುತ್ತಿದ್ದ.

ಈಗ ವರ್ಷಕ್ಕೊಮ್ಮೆ ಇಬ್ಬರೂ ಒಟ್ಟಿಗೇ ಕಂದಾಯ ಕಟ್ಟಲು ಹೋಗುತ್ತಾರೆ, ಸಾವ್ಕಾರ್ರ ಸ್ಕೂಟರಿನಲ್ಲಿ. ಅದೇ ಬೆಂಚು. ಓಣಿ ತಮ್ಮದಲ್ಲ ಎಂದು ಅವರು ಸಹಿ ಹಾಕುತ್ತಾರೆ, ಮೇಲೆ ಕೊಬ್ಬರಿ ಇದೆ ಎಂದು ಇನ್ನೊಂದು ಸಹಿ. ಓಣಿ ನಮ್ಮದು ಎಂದು ಅಪ್ಪ ಸಹಿ ಹಾಕುತ್ತಾನೆ, ಹಸುವಿನ ಒಂದು ತಿಂಗಳ ಹಾಲು ಎಣಿಸಿ ಕೊಡುತ್ತಾನೆ. ಬರುವಾಗ ಇಬ್ಬರೂ ಕಾಫಿ ಕುಡಿಯುತ್ತಾರೆ. ಅದರ ದುಡ್ಡು ಮಾತ್ರ ಸಾವ್ಕಾರ್ರದು.

ಹೋದ ಸಲ ಫಾರಂ ತುಂಬಲು ಮನೆಯಲ್ಲೇ ಕೂತಿದ್ದೆವು. ಅಗಲ ಇಪ್ಪತ್ನಾಲ್ಕು, ಚಾವಣಿ ಹೆಂಚು. ಎಲ್ಲ ಬರೆದು ಪೆನ್ನು ಮುಚ್ಚಿದೆ. ಅಪ್ಪ ಬಾಗಿಲಿನಿಂದ ಓಣಿಯ ಗೇಟನ್ನೇ ನೋಡುತ್ತಿದ್ದ. ಸಾವ್ಕಾರ್ರ ಕಬ್ಬಿಣ, ಸಾವ್ಕಾರ್ರ ವೆಲ್ಡಿಂಗು, ಬೀಗ ಕೂಡ ಅವರದೇ.

“ಲೋ, ಗೇಟಿಗೂ ಒಂದ್ ಕಾಲಂ ಐತಾ ನೋಡೋ” ಎಂದ.